ಬಿಡಿಸಿ ನೋಡಿದ್ದರಿಂದಲೇ ಔಷಧಿ ಸಿಕ್ಕಿತು

ಚೀನೀ ಔಷಧಿಯ ಮಿಶ್ರಣವನ್ನು ಬಿಡಿಸಿ ಒಂದೊಂದೇ ವಸ್ತುವನ್ನು ಪರೀಕ್ಷಿಸಿದರೆ ಅದರ ಗುಣವೇ ಹೋಗುತ್ತದೆ ಎಂದಿದ್ದೀರಿ. ಒಪ್ಪಲು ಆಗುತ್ತಿಲ್ಲ. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ನಗರದ ವೈದ್ಯ ಜಾಂಗ್ ಟಿಂಗ್‌ಡಾಂಗ್ ತಂಡಕ್ಕೆ ಸಿಕ್ಕ ನಾಟಿ ಮದ್ದಿನಲ್ಲಿ ಪಾಷಾಣ, ಪಾದರಸದ ಲವಣ, ನೆಲಗಪ್ಪೆಯ ವಿಷ ಮೂರೂ ಇದ್ದವು. ಅವರು ಬೇರೆ ಬೇರೆ ಮಾಡಿ ನೋಡಿದರು. ಪಾದರಸ ಮೂತ್ರಪಿಂಡಕ್ಕೆ ಪೆಟ್ಟು, ಕಪ್ಪೆ ವಿಷದಿಂದ ರಕ್ತದೊತ್ತಡ ಜಾಸ್ತಿ. ರಕ್ತದ ಕ್ಯಾನ್ಸರ್ ಮೇಲೆ ಕೆಲಸ ಮಾಡಿದ್ದು ಪಾಷಾಣ, ಅಂದರೆ ಆರ್ಸೆನಿಕ್ ಟ್ರೈಆಕ್ಸೈಡ್. ಅದರಲ್ಲೂ ಎಪಿಎಲ್ (ಅಕ್ಯೂಟ್ ಪ್ರೊಮೈಲೋಸಿಟಿಕ್ ಲುಕೇಮಿಯಾ) ಎಂಬ ಒಂದೇ ಬಗೆಯ ರಕ್ತದ ಕ್ಯಾನ್ಸರ್‌ಗೆ ಅದ್ಭುತವಾಗಿ. 2000ದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿತು. ಇವತ್ತು ವಿಟಮಿನ್ ಎ ಬಗೆಯ ಔಷಧಿಯಾದ ರೆಟಿನಾಯಿಕ್ ಆಮ್ಲದ ಜೊತೆ ಇದನ್ನು ಪಡೆದ ಎಪಿಎಲ್ ರೋಗಿಗಳಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಬಿಡಿಸದೇ ಇದ್ದಿದ್ದರೆ ಅವರಿಗೆಲ್ಲ ಪಾದರಸವನ್ನೂ ಸುಮ್ನೆ ಕೊಡುತ್ತಿದ್ದೆವು, ಅಲ್ವಾ?