ಹಣ್ಣಾದ ದೋಣಿ

ನಾನು ಶಿರಸಿ ಕಡೆಯವನು. ನಮ್ಮಲ್ಲಿ ನೀರು ಅಂದರೆ ಬಾವಿ, ತೋಟದ ಕಾಲುವೆ, ಮತ್ತೆ ಆಷಾಢದಲ್ಲಿ ಸೋರುವ ಮಾಡು. ಅಷ್ಟೇ. ಈಜು ಬರುವುದಿಲ್ಲ. ಇಂಥವನು ನೌಕರಿ ಅಂತ ಘಟ್ಟ ಇಳಿದು, ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ ಹಿಡಿದು, ಆರನೇ ವರ್ಷಕ್ಕೆ ಸ್ಪೀಡ್‌ಬೋಟ್ ಕೊಂಡ ಅಂದರೆ ಜನ ನಗದೆ ಇನ್ನೇನು ಮಾಡುತ್ತಾರೆ?

ತಪ್ಪೆಲ್ಲ ಕೂರ್ಮಗಡದ್ದು. ಜನವರಿಯಲ್ಲಿ ಅಲ್ಲಿ ನರಸಿಂಹನ ಜಾತ್ರೆ. ದ್ವೀಪವಾದ್ದರಿಂದ ದೋಣಿಯಲ್ಲೇ ಹೋಗಬೇಕು. ಬಾಳೆಗೊನೆ ಹೊತ್ತವರ ಮಧ್ಯೆ ನಾನು ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತಿದ್ದೆ. ಆಗ ಪಕ್ಕದಲ್ಲೇ ಒಂದು ಸ್ಪೀಡ್‌ಬೋಟ್ ಜುಂಯ್ ಅಂತ ಹೋಯಿತು. ಅದರ ತೆರೆ ಹೊಡೆದು ನನ್ನ ಅಂಗಿ ಪೂರ್ತಿ ನೆನೆಯಿತು. ನ್ಯಾಯವಾಗಿ ಸಿಟ್ಟು ಬರಬೇಕಿತ್ತು. ಆಸೆ ಬಂತು.

ಎರಡು ತಿಂಗಳಲ್ಲಿ ಒಂದು ದೋಣಿ ಸಿಕ್ಕೂಬಿಟ್ಟಿತು. ಹದಿನಾಲ್ಕು ಅಡಿ ಉದ್ದ. ಒಂದು ಕಾಲಕ್ಕೆ ಬಿಳಿ ಬಣ್ಣ. ಗಾಳಿಮರದ ಕೆಳಗೆ ಎಷ್ಟೋ ವರ್ಷದಿಂದ ಮಳೆಗೆ ಬಾಯಿ ತೆರೆದು ಮಲಗಿತ್ತು. ಮಾರುವವರು 22,000 ಹೇಳಿದರು. ಟ್ರೇಲರ್ ಪುಕ್ಕಟೆ ಅಂದರು. ಅದಕ್ಕೆ ಒಂದೇ ಚಕ್ರ ಇತ್ತು.

"ಒಳಗೆ ಕೊಳೆತು ಗಿಳಿತು ಇಲ್ಲ ತಾನೆ?" ಅಂದೆ.

"ಫೈಬರ್ ಸಾರ್. ಫೈಬರ್ ಎಲ್ಲಾದರೂ ಕೊಳೆಯುತ್ತದಾ?"

ಆದರೂ ನಾನು ಪರೀಕ್ಷೆ ಮಾಡದೆ ಬಿಡುವವನಲ್ಲ. ಹಲಸಿನಹಣ್ಣು ಬಡಿದು ನೋಡುವುದರಲ್ಲಿ ನಮ್ಮ ಮನೆಯವರಿಗೆ ಊರಲ್ಲಿ ಹೆಸರಿದೆ. ಕಾಯಾದರೆ ಟಣ್ ಅನ್ನುತ್ತದೆ. ಹಣ್ಣಾದರೆ ಡಬ್ ಅಂತ ಮೆತ್ತಗೆ ಓಗೊಡುತ್ತದೆ. ನಾನು ಬೆರಳು ಮಡಚಿ ದೋಣಿಯ ಬೆನ್ನಿಗೆ ಬಡಿದೆ. ಡಬ್. ಪಕ್ಕೆಗೆ ಬಡಿದೆ. ಡಬ್ ಡಬ್. ಆಹಾ, ಒಳ್ಳೆ ಪಾಕಕ್ಕೆ ಬಂದಿದೆ ಅನ್ನಿಸಿತು. ದುಡ್ಡು ಎಣಿಸಿ ಕೊಟ್ಟೆ.

ಟೆಂಪೊಗೆ ಏರಿಸಲು ನಾಲ್ಕು ಜನ ಸಾಕು ಅಂದುಕೊಂಡಿದ್ದೆವು. ಎಂಟು ಜನ ಬೇಕಾಯಿತು. ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಗಟ್ಟಿ ಮಾಲು ಅಂದುಕೊಂಡೆ.

ಮನೆಗೆ ತಂದಾಗ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಇದು ಯಾಕೆ?"

ನನ್ನ ಹತ್ತಿರ ಉತ್ತರ ತಯಾರಿತ್ತು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತಲ್ಲ, ಲಾರಿಯೊಂದು ಅದರ ಜೊತೆಗೇ ನದಿಗೆ ಹೋಗಿ, ಚಾಲಕನನ್ನು ಎತ್ತಲು ಮೀನುಗಾರರೂ ಓಡಿ ಬರಬೇಕಾಯಿತಲ್ಲ. "ಇಂಥ ಊರಲ್ಲಿ ಮನೆಗೊಂದು ದೋಣಿ ಇರಬೇಕು" ಅಂದೆ.

"ಪಕ್ಕದಲ್ಲೇ ಹೊಸ ಸೇತುವೆ ಇದೆಯಲ್ಲ" ಅಂದಳು.

ಅಪ್ಪನಿಗೆ ಸುದ್ದಿ ಹೇಗೆ ಮುಟ್ಟಿತೋ ಗೊತ್ತಿಲ್ಲ. ರಾತ್ರಿ ಫೋನು ಬಂತು. "ತಮಾ, ದೋಣಿ ತಗಂಡ್ಯಡ?" ಹೌದು ಅಂದೆ. ಆ ಕಡೆ ಬಹಳ ಹೊತ್ತು ಏನೂ ಕೇಳಲಿಲ್ಲ. ಕವಳ ಜಗಿಯುವ ಸದ್ದು ಮಾತ್ರ ಬರುತ್ತಿತ್ತು.

ಬೈತಖೋಲದ ಕಡೆಯಿಂದ ಫೈಬರ್ ಕೆಲಸದ ಮಿಸ್ತ್ರಿ ಬಂದರು. ಅರವತ್ತು ದಾಟಿದವರು. ಕಾರವಾರದಲ್ಲಿ ನಮ್ಮವರೆಲ್ಲರೂ ಭಟ್ರೇ ಆದ್ದರಿಂದ ನನ್ನನ್ನೂ ಭಟ್ರೇ ಅಂದರು. ಜೇಬಿನಿಂದ ಸಣ್ಣ ಸುತ್ತಿಗೆ ತೆಗೆದು, ದೋಣಿಯ ಸುತ್ತ ಟಕ್ ಟಕ್ ಬಡಿಯುತ್ತ ಹೋದರು. ಮೂಗಿನ ತುದಿಯಲ್ಲಿ ಟಣ್ ಅಂದಿತು. ಅವರ ಮುಖ ಅರಳಿತು. ಉಳಿದ ಕಡೆಯೆಲ್ಲ ಡಬ್. ನಾನು ಹಿಂದಿಂದ ಹೆಮ್ಮೆಯಿಂದ ತಲೆ ಆಡಿಸುತ್ತಿದ್ದೆ.

"ಭಟ್ರೇ, ಇದು ಪೂರಾ ಕುಸ್ಲಾಂ" ಅಂದರು.

ಕೊಂಕಣಿ ನನಗೆ ಅಷ್ಟಕ್ಕಷ್ಟೆ. ಆದರೆ ಆ ಮಾತಿಗೆ ಕನ್ನಡದ ಅರ್ಥ ಬೇಕಾಗಲಿಲ್ಲ. ಕೊಳೆತ ಅಡಿಕೆಯ ಮುಂದೆ ನಿಂತ, ತೋಟದ ಫಸಲು ಗುತ್ತಿಗೆ ಹಿಡಿದ ಚೇಣಿದಾರನ ಮುಖವೂ ಹಾಗೇ ಇರುತ್ತದೆ.

ಆಮೇಲೆ ಅವರು ವಿವರಿಸಿದರು. ಮಾರಿದವರು ಸುಳ್ಳು ಹೇಳಿರಲಿಲ್ಲ. ಫೈಬರ್ ಕೊಳೆಯುವುದಿಲ್ಲ. ಆದರೆ ದೋಣಿ ಬರೀ ಫೈಬರ್ ಅಲ್ಲ. ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಾಜಿನ ನಾರಿನ ತೊಗಟೆ. ಒಳಗೆ ಮರ. ಎಂಜಿನ್ ನೇತುಹಾಕುವ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ, ಅದರ ಹೊಟ್ಟೆಯಲ್ಲಿ ಪ್ಲೈವುಡ್. ತಳದ ಉದ್ದಕ್ಕೆ ಬೆನ್ನೆಲುಬಿನ ಹಾಗೆ ಮರದ ಪಟ್ಟಿಗಳು. ಅದರ ಮೇಲೆ ಪ್ಲೈವುಡ್ ನೆಲ. ನೆಲದ ಕೆಳಗೆ ದೋಣಿ ಮುಳುಗದಿರಲಿ ಅಂತ ತುಂಬಿದ ಫೋಮ್. ಎಂಜಿನ್ ಕೂರಿಸಲು ಯಾರೋ ತೂತು ಕೊರೆದು, ಸೀಲ್ ಮಾಡದೆ ಬೋಲ್ಟ್ ಬಿಗಿದಿರುತ್ತಾರೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವುದಿಲ್ಲ, ಫೈಬರ್ ಬಿಡುವುದಿಲ್ಲ. ಮರ ಒಳಗೇ ಕೂತು ಕಳಿಯುತ್ತದೆ. ಮುಳುಗದಿರಲಿ ಅಂತ ಹಾಕಿದ ಫೋಮ್ ನೀರು ಕುಡಿದು, ಮುಳುಗಿಸುವಷ್ಟು ಭಾರವಾಗುತ್ತದೆ. ಟೆಂಪೊಗೆ ಎಂಟು ಜನ ಯಾಕೆ ಬೇಕಾಯಿತು ಅಂತ ಆಗ ಹೊಳೆಯಿತು. ನಾನು ಕಳೆದ ವರ್ಷದ ಮಳೆಯನ್ನೂ ದುಡ್ಡು ಕೊಟ್ಟು ಕೊಂಡಿದ್ದೆ.

ನೆಲ ಕೊಯ್ದು ತೆಗೆದಾಗ ಒಳಗಿನ ಮರ ನೆನೆಸಿದ ಅವಲಕ್ಕಿಯ ಹಾಗೆ ಕೈಗೆ ಬಂತು. ಕಪ್ಪಗೆ, ತಂಪಾಗಿ. ಒಂದೆರಡು ಎರೆಹುಳುವೂ ಇದ್ದವು. ಅಪ್ಪನಿಗೆ ಫೋನಲ್ಲಿ ಹೇಳಿದೆ. "ಚೀಲಕ್ಕೆ ತುಂಬಿ ಕಳ್ಸು, ತೋಟಕ್ಕಾಗ್ತು" ಅಂದರು. ಫೈಬರ್ ಚೂರು ಸೇರಿದೆ, ಆಗುವುದಿಲ್ಲ ಅಂದದ್ದಕ್ಕೆ, "ಹಂಗಾರೆ ಅದು ಎಂತಕ್ಕೂ ಬತ್ತಿಲ್ಲೆ" ಅಂದರು. ದೋಣಿಯ ಬಗ್ಗೆ ಅವರು ಕೊಟ್ಟ ಮೊದಲ ಅಭಿಪ್ರಾಯ ಅದು.

ಮಿಸ್ತ್ರಿ ಒಂದು ಎಚ್ಚರಿಕೆ ಹೇಳಿದ್ದರು. ಹಳೆ ಫೈಬರ್ ಉಜ್ಜುವಾಗ ಮೈತುಂಬ ಬಟ್ಟೆ, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಮಾಸ್ಕ್ ಮತ್ತು ಕನ್ನಡಕ ನೆನಪಿಟ್ಟುಕೊಂಡೆ. ಮೇ ತಿಂಗಳ ಸೆಕೆಯಲ್ಲಿ ಮೈತುಂಬ ಬಟ್ಟೆ ಯಾರು ಹಾಕುತ್ತಾರೆ? ಲುಂಗಿ, ಬನಿಯನ್‌ನಲ್ಲಿ ಗ್ರೈಂಡರ್ ಹಿಡಿದೆ. ಅರ್ಧ ಗಂಟೆಯಲ್ಲಿ ನಸುಗುನ್ನಿ ಪೊದೆಯಲ್ಲಿ ಹೊರಳಿದ ಹಾಗಾಯಿತು. ಗಾಜಿನ ಪುಡಿ ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಮಾತ್ರ ಗೊತ್ತಾಗುತ್ತದೆ. ಬಿಸಿನೀರು ಹೊಯ್ದುಕೊಂಡೆ. ಇನ್ನೂ ಜಾಸ್ತಿಯಾಯಿತು. ತಣ್ಣೀರಲ್ಲಿ, ಉಜ್ಜದೆ ತೊಳೆಯಬೇಕಂತೆ. ಮರುದಿನ ತಿಳಿಯಿತು.

ನನ್ನೊಬ್ಬನಿಗೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಆ ಲುಂಗಿಯನ್ನು ನಾನು ಸುಮ್ನೆ ವಾಷಿಂಗ್ ಮೆಷಿನ್‌ಗೆ ಹಾಕಿದ್ದೆ. ಅದರ ಜೊತೆ ಮನೆಯ ಎಲ್ಲ ಬಟ್ಟೆಯೂ ಒಗೆಯಿತು. ಬೇಸಿಗೆ ಶಿಬಿರಕ್ಕೆ ಹೋದ ಮಗಳು ತುರಿಸಿಕೊಂಡಳು. ಅವಳ ಪಕ್ಕ ಕೂತವರು ದೂರ ಕೂತರು. ಹೆಂಡತಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂತು, ತುರಿಸಲೂ ಆಗದೆ ಬಿಡಲೂ ಆಗದೆ, ಪಾಯಸ ಬಿಟ್ಟು ಎದ್ದು ಬಂದಳು. ಮನೆಯಲ್ಲಿ ಮೂರು ದಿನ ಮಾತಿಲ್ಲ. ಕೆರೆತದ ಸದ್ದು ಮಾತ್ರ.

ಆಮೇಲೆ ಪ್ಲೈವುಡ್. ಟ್ರಾನ್ಸಮ್‌ಗೆ 19 ಮಿಲಿಮೀಟರ್‌ನ ಎರಡು ಹಲಗೆ ಒಂದಕ್ಕೊಂದು ಅಂಟಿಸಿ 38 ಮಾಡಬೇಕು. ಮರೀನ್ ಪ್ಲೈ, ಐಎಸ್ 710 ಮುದ್ರೆ ಇರಬೇಕು ಅಂದಿದ್ದರು ಮಿಸ್ತ್ರಿ. ಅಂಗಡಿಯಲ್ಲಿ ಅದಕ್ಕಿಂತ ಅಗ್ಗಕ್ಕೆ 'ಪಕ್ಕಾ ವಾಟರ್‌ಪ್ರೂಫ್' ಸಿಕ್ಕಿತು. ತಂದೆ. ಮಿಸ್ತ್ರಿ ಮೂಸಿ ನೋಡಿ, "ಒಂದು ತುಂಡು ಬೇಯಿಸಿ ನೋಡಿ ಭಟ್ರೇ" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. 710ರ ಪ್ಲೈವುಡ್ 72 ಗಂಟೆ ಕುದಿಯುವ ನೀರಲ್ಲಿದ್ದರೂ ಬಿಡಬಾರದು. ಅದೇ ಅದರ ಪರೀಕ್ಷೆ.

72 ಗಂಟೆ ಗ್ಯಾಸಿನ ಮೇಲೆ ಪ್ಲೈವುಡ್ ಕುದಿಸುತ್ತೇನೆ ಅಂತ ಹೆಂಡತಿಗೆ ಹೇಳುವ ಧೈರ್ಯ ಆಗ ನನ್ನಲ್ಲಿರಲಿಲ್ಲ. ತುಂಡನ್ನು ಚೀಲದಲ್ಲಿಟ್ಟು ಶಿರಸಿಗೆ ಹೋದೆ. ಅಲ್ಲಿ ಬಚ್ಚಲ ಹಂಡೆ ಇದೆ, ಒಲೆ ಸದಾ ಉರಿಯುತ್ತಲೇ ಇರುತ್ತದೆ. ಯಾರಿಗೂ ಹೇಳದೆ ಹಂಡೆಯೊಳಗೆ ಬಿಟ್ಟೆ. ಸಂಜೆ ಅಪ್ಪ ಸ್ನಾನಕ್ಕೆ ಹೋದರು. ಹೋದವರು ತಂಬಿಗೆ ಹಿಡಿದುಕೊಂಡೇ ಹೊರಗೆ ಬಂದರು. ತಂಬಿಗೆಯಲ್ಲಿ ಹಪ್ಪಳದ ಹಾಗೆ ತೆಳ್ಳಗಿನ ಮರದ ಹಾಳೆಗಳು ತೇಲುತ್ತಿದ್ದವು. ನೀರು ಕಷಾಯದ ಬಣ್ಣ.

"ಎಂತದಾ ಇದು? ಆಯುರ್ವೇದನ?"

72 ಗಂಟೆ ಹೋಗಲಿ, ಎಂಟು ಗಂಟೆಯೂ ಆಗಿರಲಿಲ್ಲ. ಪಕ್ಕಾ ವಾಟರ್‌ಪ್ರೂಫ್‌ನಿಂದ ಈಗ ನಮ್ಮ ಮನೆಯಲ್ಲಿ ಎರಡು ಚಪ್ಪಲಿ ಸ್ಟ್ಯಾಂಡ್ ಇವೆ. 710 ಬೇರೆ ತಂದೆ.

ಗಾಜಿನ ನಾರನ್ನು ಅಂಟಿಸಿ ಗಟ್ಟಿ ಮಾಡುವ ರೆಸಿನ್ ಅನ್ನುವ ಅಂಟು ಕಲಸುವುದು ಮಾತ್ರ ನನಗೆ ಬರುತ್ತದೆ ಅನ್ನುವ ನಂಬಿಕೆ ಇತ್ತು. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತ ಬೆಳೆದವನು. 1 ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ ಹಾರ್ಡ್‌ನರ್, ಸೆಕೆ ಇದ್ದರೆ ಇನ್ನೂ ಕಡಿಮೆ ಅಂದಿದ್ದರು ಮಿಸ್ತ್ರಿ. ಕೋಬಾಲ್ಟ್ ಅನ್ನುವ ನೇರಳೆ ಬಣ್ಣದ ದ್ರವ ಮೊದಲು ರೆಸಿನ್‌ಗೆ ಹೋಗಿ ಬೆರೆಯಬೇಕು, ಹಾರ್ಡ್‌ನರ್ ಆಮೇಲೆ. ಎರಡನ್ನೂ ನೇರ ಸೇರಿಸಿದರೆ ಸಿಡಿಯುತ್ತದೆ. ಹಾಗಾಗಿ ಅವರು ಆ ಎರಡು ಬಾಟಲಿಗಳನ್ನು ಗಡಿ ತಕರಾರಿನ ದಾಯಾದಿಗಳ ಹಾಗೆ ಅಂಗಳದ ಎರಡು ತುದಿಯಲ್ಲಿ ಇಡುತ್ತಿದ್ದರು.

ಒಂದು ದಿನ ಮಿಸ್ತ್ರಿ ಬರಲಿಲ್ಲ. ಸಮುದ್ರದ ಕಡೆ ಮೋಡ ಕಟ್ಟಿತ್ತು. ಥಂಡಿಗೆ ಬೇಗ ಗಟ್ಟಿಯಾಗದಿದ್ದರೆ ಅಂತ ಹೆದರಿ 50 ಗ್ರಾಂ ಸುರಿದೆ. ಬಚ್ಚಲ ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲಸಿದೆ. ಗಾಜಿನ ನಾರಿನ ಮ್ಯಾಟ್ ಹಾಸಿದೆ. ಬ್ರಷ್ ಅದ್ದಿದೆ. ಒಂದು ಸಲ ಬಳಿದೆ. ಎರಡನೇ ಸಲ ಬ್ರಷ್ ಮೇಲೆ ಬರಲಿಲ್ಲ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಲ್ಲವೂ ಅರ್ಧ ನಿಮಿಷದಲ್ಲಿ ಮುಗಿದು ಕಲ್ಲಾಗಿತ್ತು. ಮಗ್ಗು ಬಿಸಿಯಾಗಿ ಹೊಗೆ ಬಿಡತೊಡಗಿತು, ಆಮೇಲೆ ಸೊಟ್ಟಗಾಯಿತು. ತೆಳ್ಳಗೆ ಹರಡಿದರೆ ಶಾಖ ಹೊರಗೆ ಹೋಗುತ್ತದೆ. ಪಾತ್ರೆಯಲ್ಲೇ ರಾಶಿ ಬಿಟ್ಟರೆ ತನ್ನ ಕಾವಿಗೆ ತಾನೇ ಕುದಿಯುತ್ತದೆ. ಬ್ರಷ್ ಚುಚ್ಚಿಕೊಂಡ ಆ ಮಗ್ಗು ಈಗಲೂ ಕಿಟಕಿಯಲ್ಲಿದೆ. ಮಗಳ ಗೆಳತಿಯರು ಟ್ರೋಫಿ ಅಂದುಕೊಂಡಿದ್ದಾರೆ. ವಾಸನೆ ಒಂದು ವಾರ ಹೋಗಲಿಲ್ಲ. ಅಪ್ಪೆಹುಳಿಗೂ ಅದೇ ವಾಸನೆ.

ಇದರ ನಡುವೆ ಮನೆ ಮಾಲಕಿಯ ಕಾಟ. ಕಾಟ ಅನ್ನಬಾರದು, ಅಂಗಳ ಅವರದ್ದೇ. ಮಳೆಗಾಲಕ್ಕೆ ಒಣಮೀನು ಮಾಡಿಕೊಳ್ಳುವ ಕಾಲ ಅದು. ದೋಣಿಯ ಮೂಗಿನ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಬಂಗಡೆ ಹರಡಿದರು. ಊರಿನ ಬೆಕ್ಕುಗಳೆಲ್ಲ ಬಂದು ಹಸಿ ರೆಸಿನ್ ಮೇಲೆ ಹೆಜ್ಜೆ ಇಟ್ಟು ಹೋದವು. ಎಡಗಡೆ ಪಕ್ಕೆಯಲ್ಲಿ ಆ ಹೆಜ್ಜೆಗಳು ಇಂದಿಗೂ ಇವೆ. ಸಸ್ಯಾಹಾರಿಯ ದೋಣಿಗೆ ಮೀನಿನ ವಾಸನೆ ನೀರಿಗಿಳಿಯುವ ಮೊದಲೇ ಹತ್ತಿತ್ತು.

ಜೂನ್ 1 ಬಂತು. ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಟ್ರಾಲರ್‌ನವರೆಲ್ಲ ದಡಕ್ಕೆ. ಅವರು ಬಲೆ ನೇಯುವುದು, ದೋಣಿ ರಿಪೇರಿ ಮಾಡುವುದು ಈ ಎರಡು ತಿಂಗಳಲ್ಲೇ. ಹಾಗಾಗಿ ಮಿಸ್ತ್ರಿ ಸಿಗದಾದರು. ಬದಲಿಗೆ ಪುರುಸೊತ್ತಿದ್ದ ಉಳಿದವರು ಕೊಡೆ ಹಿಡಿದು ಬಂದು ನನ್ನ ದೋಣಿ ನೋಡುತ್ತಿದ್ದರು. ಯಾರೂ ನಗಲಿಲ್ಲ. ಸುಮ್ಮನೆ ನೋಡಿ, ಒಂದು ಸಲ ಬಡಿದು, ಚಾ ಕುಡಿದು ಹೋಗುತ್ತಿದ್ದರು. ನಕ್ಕಿದ್ದರೆ ವಾಸಿ ಇತ್ತು.

ದೋಣಿಯ ತಳದಲ್ಲಿ, ಹಿಂಬದಿಗೆ ಒಂದು ತೂತು ಇರುತ್ತದೆ. ದಡದಲ್ಲಿದ್ದಾಗ ಅದರ ಬಿರಡೆ ತೆಗೆದಿಡಬೇಕು. ಹಾವು ಗೀವು ಹೊಕ್ಕೀತು ಅಂತ ನಾನು ಬಿಗಿಯಾಗಿ ಹಾಕಿದ್ದೆ. ಒಂದು ರಾತ್ರಿ ಗಾಳಿಗೆ ತಾಡಪಾಲು ಹಾರಿಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ದೋಣಿ ಅಂಚಿನವರೆಗೆ ತುಂಬಿತ್ತು. ಮಗಳು ಅದರಲ್ಲಿ ಕಾಗದದ ದೋಣಿ ಬಿಡುತ್ತಿದ್ದಳು. ಒಂದು ಘನ ಮೀಟರ್ ನೀರಿಗೇ ಸಾವಿರ ಕಿಲೋ ತೂಕ. ಟ್ರೇಲರ್‌ಗೆ ಹೊಸದಾಗಿ ಹಾಕಿಸಿದ್ದ ಚಕ್ರ ಮಣ್ಣಲ್ಲಿ ಅರ್ಧ ಹೂತಿತ್ತು. ನಾನು ತಲೆ ಮೇಲೆ ಕೈ ಹೊತ್ತು ನಿಂತಾಗ ಮಿಸ್ತ್ರಿ ಆ ದಾರಿಯಲ್ಲೇ ಹೋಗುತ್ತಿದ್ದರು. ಬಗ್ಗಿ ಕೆಳಗೆ ನೋಡಿದರು. ಒಂದು ಹನಿಯೂ ಸೋರುತ್ತಿರಲಿಲ್ಲ.

"ಕೆಲಸ ಪಾಸ್" ಅಂದರು. "ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನದ್ದು ಒಳಗೆ ಬರೋದಿಲ್ಲ."

ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಬಾಗಿಲು ತೆಗೆದರೆ ಕಾಳಿಯ ಹತ್ತಿರ ಹೋಗುವ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ, ಒಂದು ಭಾನುವಾರ ಭರತಿಯ ಹೊತ್ತಿಗೆ ದೋಣಿ ಇಳಿಸಿದೆವು. ಅಪ್ಪ ಶಿರಸಿಯಿಂದ ಬಂದಿದ್ದರು. ತೆಂಗಿನಕಾಯಿ ಒಡೆದೆವು. ಲೈಫ್ ಜಾಕೆಟ್ ಹಾಕಿ ಕೂತು, ಸೆಕೆಂಡ್ ಹ್ಯಾಂಡ್ ಎಂಜಿನ್‌ನ ಹಗ್ಗ ಎಳೆದೆ. ಇಪ್ಪತ್ತು ಸಲ ಎಳೆದೆ. ಮಿಸ್ತ್ರಿ ಎಳೆದರು. ಪ್ಲಗ್ ಬಿಚ್ಚಿ ಒರೆಸಿದೆವು. ಪೆಟ್ರೋಲ್‌ಗೆ ಆಯಿಲ್ ಜಾಸ್ತಿಯಾಯಿತು ಅಂತ ಒಬ್ಬರು, ಕಡಿಮೆಯಾಯಿತು ಅಂತ ಇನ್ನೊಬ್ಬರು. ದಡದಲ್ಲಿ ಮೂವತ್ತು ಜನ ಸೇರಿದ್ದರು. ನನ್ನ ಭುಜ ಕಳಚಿ ಬರುವುದೊಂದು ಬಾಕಿ.

"ಅಪ್ಪ, ಈ ಕೆಂಪು ದಾರ ಯಾಕಿದೆ?" ಅಂದಳು ಮಗಳು.

ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲಲಿ ಅಂತ ಇಡುವ ದಾರ ಅದು. ಅದರ ಕ್ಲಿಪ್ ಸಿಕ್ಕಿಸದಿದ್ದರೆ ಎಂಜಿನ್ ಶುರುವೇ ಆಗುವುದಿಲ್ಲ. ಸಿಕ್ಕಿಸಿದೆ. ಒಂದೇ ಎಳೆತಕ್ಕೆ ಗುರ್ ಅಂದಿತು.

ಸದಾಶಿವಗಡದ ಗುಡ್ಡ ನೋಡುತ್ತ ಒಂದು ಸುತ್ತು ಹೋಗಿ ಬಂದೆವು. ಮಗಳು ಕಿರುಚಿದಳು. ಹೆಂಡತಿ ನಕ್ಕಳು, ಮೇ ತಿಂಗಳ ನಂತರ ಮೊದಲ ಸಲ. ನಾನು ಕಣ್ಣು ತೆರೆದೇ ಇದ್ದೆ.

ದಡಕ್ಕೆ ಬಂದಾಗ ಅಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲು ನೀರಿಗೆ ಇಳಿದು ಬಂದರು. ಬೆರಳು ಮಡಚಿ ದೋಣಿಯ ಪಕ್ಕೆಗೆ ಬಡಿದರು. ಟಣ್. ಹಿಂದೆ ಹೋಗಿ ಟ್ರಾನ್ಸಮ್‌ಗೆ ಬಡಿದರು. ಟಣ್ ಟಣ್. ಕಿವಿ ಇಟ್ಟು ಇನ್ನೊಮ್ಮೆ ಕೇಳಿದರು.

"ಕಾಯಿ ಇದ್ದು. ಹಣ್ಣಾಜಿಲ್ಲೆ" ಅಂದರು.

"ಹತ್ತು ಅಪ್ಪ, ಒಂದು ಸುತ್ತು ಹೋಗಿ ಬರುವ."

"ಹಣ್ಣಾದ್ಮೇಲೆ ಹೇಳು" ಅಂದು, ಕವಳದ ಚೀಲ ಬಿಚ್ಚುತ್ತ ದಡ ಹತ್ತಿದರು.