ಪಕ್ಕದ ಮನೆಯ ಲೀಡ್ಸ್‌ನವರು

ನಮ್ಮ ಪಕ್ಕದ ಮನೆಗೆ ಇಂಗ್ಲೆಂಡಿನ ಲೀಡ್ಸ್‌ನಿಂದ ಒಂದು ಕುಟುಂಬ ಬಂದು ಮೂರು ವರ್ಷ ಆಯಿತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಐದು ವರ್ಷದ ಮಗ. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. ಮೊನ್ನೆ ಊಟಕ್ಕೆ ಬಂದಿದ್ದ ಕನ್ನಡದ ಗೆಳೆಯರೊಬ್ಬರು, "ಅವರಿಗೇನು ಬಿಡಿ, ಭಾಷೆ ಅವರದೇ, ಬಣ್ಣ ಅವರದೇ, ಅವರಿಗೆ ಇದು ಇನ್ನೊಂದು ಊರು ಅಷ್ಟೇ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅವತ್ತು ಊಟದ ಮಧ್ಯೆ ಜಾಸ್ತಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಬಂದ ಮೊದಲನೇ ವಾರ ಆ ಹೆಂಗಸು ನಮ್ಮ ಬಾಗಿಲು ತಟ್ಟಿದ್ದು ಒಂದು ಕೆಟಲ್ ಸಲುವಾಗಿ. ಲೀಡ್ಸ್‌ನಿಂದ ಬಟ್ಟೆಯಲ್ಲಿ ಸುತ್ತಿಕೊಂಡು ತಂದ ಕೆಟಲ್ ಇಲ್ಲಿ ಕೆಲಸ ಮಾಡಲ್ಲ. ಅಲ್ಲಿ 230 ವೋಲ್ಟ್, ಇಲ್ಲಿ 120. ಇಲ್ಲಿನ ಅಂಗಡಿಯಲ್ಲಿ ಸಿಗುವ ಕೆಟಲ್ ಹೆಚ್ಚೆಂದರೆ 1,500 ವ್ಯಾಟ್, ಅವರ ಊರಿನದು 3,000. ಅಂದರೆ ಅದೇ ಒಂದು ಲೋಟ ನೀರು ಕುದಿಯಲು ಎರಡರಷ್ಟು ಹೊತ್ತು. ಇಲ್ಲಿ ಎಷ್ಟೋ ಜನ ನೀರನ್ನು ಮೈಕ್ರೋವೇವ್‌ನಲ್ಲಿಟ್ಟು ಬಿಸಿ ಮಾಡುತ್ತಾರೆ ಅಂತ ಕೇಳಿ ಆಕೆಗೆ ನಿಜವಾಗಿಯೂ ಸಂಕಟ ಆಯಿತು. ನನಗೆ ಅರ್ಥವಾಯಿತು. ನಾನೂ ಊರಿನಿಂದ ಹಿತ್ತಾಳೆ ಫಿಲ್ಟರ್ ಹೊತ್ತು ತಂದವಳು, ಚಿಕೋರಿ ಎಷ್ಟಿರಬೇಕು ಅಂತ ಹೇಳಿ ಪುಡಿ ಮಾಡಿಸಿಕೊಂಡು ಬರುವವಳು. ಆಕೆಯ ಅಮ್ಮ ಕಳಿಸುವ ಪಾರ್ಸೆಲ್‌ನಲ್ಲಿ ಯಾರ್ಕ್‌ಷೈರ್ ಟೀ, ಬ್ರೆಡ್ಡಿಗೆ ಹಚ್ಚುವ ಮಾರ್ಮೈಟ್, ಮಕ್ಕಳಿಗೆ ಚಾಕೊಲೇಟ್. ನನ್ನ ಅಮ್ಮನ ಸೂಟ್‌ಕೇಸಿನಲ್ಲಿ ಹುಳಿಪುಡಿ, ಮೆಂತ್ಯದ ಹಿಟ್ಟು, ಸಂಡಿಗೆ. ಎರಡೂ ಮನೆಯಲ್ಲಿ ಡಬ್ಬಿ ಖಾಲಿಯಾಗುತ್ತಾ ಬಂದಾಗ ಚಮಚ ಸಣ್ಣದಾಗುತ್ತದೆ.

ಭಾಷೆ ಅವರದೇ ಅಂದರಲ್ಲ, ಅದನ್ನೂ ಹೇಳುತ್ತೇನೆ. ಆ ಹುಡುಗಿ ಶಾಲೆಯಲ್ಲಿ ರಬ್ಬರ್ ಕೇಳಿದಳಂತೆ. ಇಲ್ಲಿ ಅದು ಇರೇಸರ್. ಇಲ್ಲಿ ದೊಡ್ಡವರ ಮಾತಿನಲ್ಲಿ ರಬ್ಬರ್ ಅಂದರೆ ಕಾಂಡೋಮ್, ಹಾಗಾಗಿ ಟೀಚರ್ ತಕ್ಷಣ ತಿದ್ದಿದರು. ಝಡ್ ಅಂದರೆ ಎಲ್ಲರೂ ತಿರುಗಿ ನೋಡಿದರು, ಇಲ್ಲಿ ಝೀ. ಕಲರ್ ಬರೆಯುವಾಗ ಯು ಹಾಕಿದ್ದಕ್ಕೆ ಕೆಂಪು ಗೆರೆ. ಇವೆಲ್ಲ ನನ್ನ ಮಗನಿಗೂ ಆಗಿತ್ತು, ಯಾಕೆಂದರೆ ಅವನಿಗೆ ಅಕ್ಷರ ಕಲಿಸಿದ್ದು ಮೈಸೂರಿನ ತಾತ. ಆರು ತಿಂಗಳಲ್ಲಿ ಹುಡುಗಿ ಶಾಲೆಯಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ ಮಾತಾಡಲು ಶುರು ಮಾಡಿದಳು. ಅಡುಗೆಮನೆಯಲ್ಲಿ ನಿಂತು ಮಗಳ ಉಚ್ಚಾರ ಬದಲಾಗಿದ್ದನ್ನು ಹೇಳುವಾಗ ಆ ತಾಯಿಯ ಗಂಟಲು ಕಟ್ಟಿತ್ತು. ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿದ ದಿನ ನಮಗೆ ಆಗಿದ್ದೂ ಅದೇ ಅಲ್ವಾ?

ಅವರಿಗೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಆಸ್ಪತ್ರೆ. ಹುಡುಗ ಜಾರುಬಂಡೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಬ್ಯಾಂಡೇಜ್ ಹಾಕಿಸಿಕೊಂಡು ಬಂದರು, ಆಯಿತು ಅಂದುಕೊಂಡರು. ಆಮೇಲೆ ಅಂಚೆಯಲ್ಲಿ ಒಂದೊಂದೇ ಬಿಲ್ಲು ಬರತೊಡಗಿತು. ಎಕ್ಸ್‌ರೇಗೆ ಬೇರೆ, ಡಾಕ್ಟರಿಗೆ ಬೇರೆ, ಕೋಣೆಗೆ ಬೇರೆ. 1948ರಿಂದ ಅವರ ದೇಶದಲ್ಲಿ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ. ಮಗುವಿನ ಕೈ ಮುರಿದರೆ ಯಾರೂ ದುಡ್ಡು ಕೇಳುವುದಿಲ್ಲ. ಡಿಡಕ್ಟಿಬಲ್ ಅಂದರೆ ವಿಮೆಯವರು ಕೊಡಲು ಶುರು ಮಾಡುವ ಮೊದಲು ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ ಅಂತ ಆಕೆಗೆ ನಾನು ಕೂತು ಬಿಡಿಸಿ ಹೇಳಬೇಕಾಯಿತು. ರಜೆಯ ಕತೆಯೂ ಹಾಗೇ. ಬ್ರಿಟನ್ನಿನಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 28 ದಿನ ಸಂಬಳದ ರಜೆ ಕಾನೂನೇ ಕೊಡುತ್ತದೆ. ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಂಥದ್ದು ಒಂದು ದಿನವೂ ಇಲ್ಲ, ಕಂಪನಿ ಕೊಟ್ಟಷ್ಟು ಕೊಟ್ಟಿತು. ಹಾಗಾಗಿ ಅವರ ತಿರುಗಾಟ ಎಲ್ಲ ಶನಿವಾರ, ಭಾನುವಾರ. ಎಷ್ಟೋ ಸಲ ನಮ್ಮ ಜೊತೆಗೇ.

ಒಮ್ಮೆ ಎರಡೂ ಮನೆಯವರು ಬಾಸ್ಟನ್ ಟೀ ಪಾರ್ಟಿಯ ಮ್ಯೂಸಿಯಂಗೆ ಹೋದೆವು. 1773ರ ಡಿಸೆಂಬರ್ 16ರ ರಾತ್ರಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಟೀಯನ್ನು ಇಲ್ಲಿನ ಜನ ಬ್ರಿಟಿಷರ ತೆರಿಗೆಯನ್ನು ವಿರೋಧಿಸಿ ಬಂದರಿಗೆ ಸುರಿದಿದ್ದರು. ಈಗ ಆ ಕಾಲದ ಹಡಗುಗಳ ಮಾದರಿ ನಿಲ್ಲಿಸಿದ್ದಾರೆ. ನೋಡಲು ಬಂದವರೂ ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ನೀರಿಗೆ ಎಸೆಯಬಹುದು. ನನ್ನ ಮಗ ಜೋರಾಗಿ ಎಸೆದ. ಆ ಹುಡುಗಿ ಮಾತ್ರ ಪೆಟ್ಟಿಗೆ ತಬ್ಬಿಕೊಂಡು ನಿಂತುಬಿಟ್ಟಳು. ಟೀ ಚೆಲ್ಲಿದರೆ ಅಜ್ಜಿಗೆ ಬೇಜಾರಾಗುತ್ತೆ ಅಂತ. ಅವಳಪ್ಪ ಏನೂ ಹೇಳದೆ ತಲೆ ಸವರಿ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಳಿಸಿದ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಅವಳಿಗೆ ಕಾರ್ನ್‌ವಾಲಿಸ್ ಕತೆ ಹೇಳಿದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಆ ಬ್ರಿಟಿಷ್ ಸೇನಾಪತಿಯೇ ಐದು ವರ್ಷದ ನಂತರ ಗವರ್ನರ್ ಜನರಲ್ ಆಗಿ ನಮ್ಮ ಕಡೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಒಡೆದ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆ ಒಡೆದ ಜಾಗದಲ್ಲಿ ಇವತ್ತಿಗೂ ಕಲ್ಲಿನ ಫಲಕ ಇದೆ, ಬಸ್ಸಿನಲ್ಲಿ ಹೋಗುವ ಸಾವಿರಾರು ಜನ ನೋಡಲ್ಲ. ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಾಗಾದರೆ ನಮ್ಮವರು ಎಲ್ಲರ ಮನೆಗೂ ಹೋಗಿದ್ರಾ?" ಅಂದಳು. ಅವರಮ್ಮ ಹಿಂದಿನ ಸೀಟಿನಿಂದ "ಹೌದು, ಕರೆಯದೇ ಹೋಗಿದ್ರು" ಅಂದರು. ಆಕೆಯ ಮೇಲಿನ ಗೌರವ ಆವತ್ತು ಹೆಚ್ಚಾಯಿತು.

ಈಗ ನನಗೆ ಸಿಟ್ಟು ಬರುವ ವಿಷಯ. ಈ ಕುಟುಂಬವನ್ನು ಎಲ್ಲರೂ ಎಕ್ಸ್‌ಪ್ಯಾಟ್, ಅಂದರೆ ಹೊರದೇಶದಲ್ಲಿ ಇರುವವರು, ಅನ್ನುತ್ತಾರೆ. ನಮ್ಮನ್ನು ಇಮಿಗ್ರಂಟ್, ಅಂದರೆ ವಲಸಿಗರು, ಅನ್ನುತ್ತಾರೆ. ಕೆಲಸಕ್ಕಾಗಿ ಬಂದವರು ಅವರು, ಕೆಲಸಕ್ಕಾಗಿ ಬಂದವರು ನಾವು, ಒಂದೇ ಬೀದಿಯಲ್ಲಿ ಬಾಡಿಗೆ ಕಟ್ಟುತ್ತೇವೆ. ನಮ್ಮವರೂ ಅದೇ ಪದಗಳನ್ನು ಹಾಗೇ ಬಳಸುತ್ತಾರಲ್ಲ, ಅದು ಇನ್ನೂ ನೋವು. ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ವಿಷಯದಲ್ಲಂತೂ ಹುಟ್ಟಿದ ದೇಶದ ಲೆಕ್ಕ. ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಒಟ್ಟಿನಲ್ಲಿ ಶೇ. 7ರ ಮಿತಿ. ಭಾರತದ ಸಾಲು ಉದ್ದ, ನಾವು 2014ರಿಂದ ನಿಂತಿದ್ದೇವೆ. ಮೊನ್ನೆ ಮೊನ್ನೆ ಬಂದ ಅವರ ಫೈಲು ನಮ್ಮನ್ನು ದಾಟಿ ಹೋಯಿತು. ಇದು ಅನ್ಯಾಯ, ಕಾನೂನು ಬದಲಾಗಬೇಕು. ಆದರೆ ಆ ಸಿಟ್ಟನ್ನು ಪಕ್ಕದ ಮನೆಯ ಮೇಲೆ ತೀರಿಸಿಕೊಂಡು, ಅವರಿಗೆ ಊರಿನ ನೆನಪೇ ಆಗಲ್ಲ ಅನ್ನುವುದು ಸುಳ್ಳು. ನಮ್ಮ ಸಂಕಟ ನಮಗೆ ಗೊತ್ತು, ಅದಕ್ಕೇ ಅವರದನ್ನು ಗುರುತಿಸುವುದು ನಮಗೆ ಸುಲಭ ಆಗಬೇಕು.

ಕಳೆದ ಮಾರ್ಚ್‌ನ ಒಂದು ಭಾನುವಾರ ಹೇಳುತ್ತೇನೆ. ಅಮೆರಿಕದಲ್ಲಿ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ಅವರ ಊರಿಗೂ ಇಲ್ಲಿಗೂ ಇರುವ ಐದು ಗಂಟೆಯ ಅಂತರ ನಾಲ್ಕಾಗುತ್ತದೆ. ಭಾರತದಲ್ಲಿ ಗಡಿಯಾರ ತಿರುಗಿಸುವುದೇ ಇಲ್ಲ. ನನ್ನ ಅಮ್ಮ ಅಲ್ಲಿನ ರಾತ್ರಿ ಎಂಟೂವರೆಗೆ ಮಾಡುವ ಫೋನು ಅವತ್ತು ಇಲ್ಲಿನ ಬೆಳಿಗ್ಗೆ ಹತ್ತರ ಬದಲು ಹನ್ನೊಂದಕ್ಕೆ ಬಂತು, ಒಂದು ಗಂಟೆ ನಾನು ಸುಮ್ಮಸುಮ್ಮನೆ ಗಾಬರಿಪಟ್ಟಿದ್ದೆ. ಮಧ್ಯಾಹ್ನ ಮಿಕ್ಕ ಪಾಯಸ ಕೊಡಲು ಪಕ್ಕದ ಮನೆಗೆ ಹೋದರೆ, ಆ ಪುಟ್ಟ ಹುಡುಗ ಒಂದು ಗಂಟೆಯಿಂದ ಟ್ಯಾಬ್ಲೆಟ್ ಮುಂದೆ ತಲೆ ಬಾಚಿಕೊಂಡು ಕೂತಿದ್ದ. ಅಜ್ಜಿ ಫೋನು ಮಾಡುವ ಸಂಜೆ ಆರು ಗಂಟೆ ಲೀಡ್ಸ್‌ನಲ್ಲಿ ಇನ್ನೂ ಆಗಿರಲಿಲ್ಲ. ನಾನೂ ಅವನ ಪಕ್ಕ ಕೂತೆ. ಸರಿಯಾಗಿ ಎರಡಕ್ಕೆ ಗಂಟೆ ಹೊಡೆಯಿತು, ಅವನು ಪಾಯಸದ ಬಟ್ಟಲನ್ನು ಎತ್ತಿ ಪರದೆಯ ಹತ್ತಿರ ಹಿಡಿದು ಅಜ್ಜಿಗೆ ತೋರಿಸಿದ.