ಯಾವ ವೇಷದಲ್ಲಿ ಬರಬೇಕು?

2022ರ ಸೆಪ್ಟೆಂಬರ್‌ನಲ್ಲಿ ಅಮ್ಮ ಪುತ್ತೂರಿನಿಂದ ಲಾಸ್ ಏಂಜಲೀಸಿನ ನಮ್ಮ ಮನೆಗೆ ಬಂದಿದ್ದಳು. ಒಂದು ರಾತ್ರಿ ನಾನು 'ಶೀ-ಹಲ್ಕ್: ಅಟಾರ್ನಿ ಅಟ್ ಲಾ' ಎಂಬ ಇಂಗ್ಲಿಷ್ ಧಾರಾವಾಹಿ ನೋಡುತ್ತ ಕುಳಿತಿದ್ದೆ. ಅಮ್ಮ ಪಕ್ಕದಲ್ಲಿ ಮರುದಿನದ ಪಲ್ಯಕ್ಕೆ ಬೀನ್ಸಿನ ನಾರು ತೆಗೆಯುತ್ತಿದ್ದಳು. ಪರದೆಯ ಮೇಲೆ ಆಳೆತ್ತರವನ್ನೂ ಮೀರಿದ, ಮೈಯೆಲ್ಲ ಹಸಿರಾದ ಹೆಂಗಸೊಬ್ಬಳು ನ್ಯಾಯಾಲಯದಲ್ಲಿ ನಿಂತಿದ್ದಳು. ಅಮ್ಮನ ಕೈ ನಿಂತಿತು. "ಇದು ಹೆಣ್ಣು ಬಣ್ಣ ಅಲ್ಲವೇನೇ?" ಎಂದಳು.

ತೆಂಕುತಿಟ್ಟಿನ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೂರ್ಪನಖಿ, ಹಿಡಿಂಬೆ, ತಾಟಕಿ, ಲಂಕಿಣಿಯರಂಥ ರಕ್ಕಸಿಯರದು ಹೆಣ್ಣು ಬಣ್ಣದ ವೇಷ. ದೊಂದಿಯ ಬೆಳಕು, ರಾಳದ ಬೆಂಕಿ, ಎದೆ ನಡುಗಿಸುವ ಆರ್ಭಟ. ಗದ್ದೆಯಲ್ಲಿ ಚಾಪೆಯ ಮೇಲೆ ನಿದ್ದೆ ಹೋದ ಮಕ್ಕಳು ಅಳುತ್ತ ಎದ್ದು ಅಮ್ಮಂದಿರ ಸೆರಗು ಹಿಡಿಯುವ ಹೊತ್ತು ಅದು. ಅಂಥ ಶೂರ್ಪನಖಿ ರಾಮನ ಮುಂದೆ ಮಾತ್ರ ಆ ರೂಪದಲ್ಲಿ ಬರುವುದಿಲ್ಲ. ಬಣ್ಣದ ವೇಷ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಹೋಗುತ್ತದೆ, ಬಳುಕುವ ಮಾಯಾ ಶೂರ್ಪನಖಿ ರಂಗಕ್ಕೆ ಬರುತ್ತಾಳೆ. ಆ ಪಾತ್ರಕ್ಕೆ ಸ್ತ್ರೀವೇಷದ ಬೇರೆಯೇ ಕಲಾವಿದರಿರುತ್ತಾರೆ. ಒಲಿಸಿಕೊಳ್ಳಬೇಕಾದರೆ ದೊಡ್ಡ ಮೈಯನ್ನು ಮರೆಸಬೇಕು ಎಂಬುದು ನಮ್ಮ ಕಥೆಯ ಕಟ್ಟಳೆ.

ಈ ಧಾರಾವಾಹಿಯಲ್ಲಿ ಕಟ್ಟಳೆ ತಲೆಕೆಳಗಾಗಿದೆ. ಜೆನ್ನಿಫರ್ ವಾಲ್ಟರ್ಸ್ ಇದೇ ಲಾಸ್ ಏಂಜಲೀಸಿನ ಸರಕಾರಿ ವಕೀಲೆ. ಕಾರು ಅಪಘಾತದಲ್ಲಿ ಅವಳ ಕಸಿನ್ ಅಣ್ಣ ಬ್ರೂಸ್ ಬ್ಯಾನರ್‌ನ, ಅಂದರೆ ಹಲ್ಕ್‌ನ ರಕ್ತ ಅವಳ ಗಾಯಕ್ಕೆ ಸೇರಿ ಅವಳೂ ಅವನಂತೆ ಹಸಿರು ದೈತ್ಯರೂಪ ತಾಳುವವಳಾಗುತ್ತಾಳೆ. ಅವಳಿಗೆ ಈ ಶಕ್ತಿ ಬೇಕಿರಲಿಲ್ಲ. ಕಷ್ಟಪಟ್ಟು ಓದಿ ಸಂಪಾದಿಸಿದ ಕೆಲಸವೊಂದಿದ್ದರೆ ಸಾಕಾಗಿತ್ತು. ಮೊದಲ ಕಂತಿನಲ್ಲೇ ನ್ಯಾಯಾಲಯದ ಗೋಡೆ ಒಡೆದು ನುಗ್ಗಿದವಳಿಂದ ಜ್ಯೂರಿಯ ಜೀವ ಉಳಿಸುತ್ತಾಳೆ. ಜೀವ ಉಳಿಸಿದವಳ ಕಡೆಗೆ ಜ್ಯೂರಿ ವಾಲುತ್ತದೆ ಎಂದು ಎದುರು ವಕೀಲರು ತಕರಾರು ತೆಗೆಯುತ್ತಾರೆ, ವಿಚಾರಣೆ ರದ್ದಾಗುತ್ತದೆ, ಅವಳ ಕೆಲಸವೂ ಹೋಗುತ್ತದೆ. ಆಮೇಲೆ ದೊಡ್ಡ ಖಾಸಗಿ ಸಂಸ್ಥೆಯೊಂದು ಕರೆದು ಕೆಲಸ ಕೊಡುತ್ತದೆ. ಷರತ್ತು ಒಂದೇ: ಕಚೇರಿಗೆ ಹಸಿರು ರೂಪದಲ್ಲೇ ಬರಬೇಕು. ಗೆಳತಿಯ ಮದುವೆಗೆ ಹೋದರೆ ಅಲ್ಲಿ ಇನ್ನೊಂದು ಷರತ್ತು: ಹಸಿರು ರೂಪ ಬೇಡ, ಬರೀ ಜೆನ್ ಆಗಿ ಬಾ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಾಲ್ಕನೆಯ ಕಂತು. ಸ್ವಂತ ಹೆಸರಿನಲ್ಲಿ ಡೇಟಿಂಗ್ ಆ್ಯಪ್‌ಗೆ ವಿವರ ಹಾಕಿದರೆ ಜೆನ್ನಿಫರ್‌ಳನ್ನು ಕೇಳುವವರಿಲ್ಲ. ಶೀ-ಹಲ್ಕ್ ಎಂದು ಹಾಕಿದ ಕೂಡಲೇ ಗಂಡಸರು ಸಾಲುಗಟ್ಟುತ್ತಾರೆ. ಅವರಲ್ಲೊಬ್ಬ ಮಕ್ಕಳ ಕ್ಯಾನ್ಸರ್ ವೈದ್ಯ, ಮಾತು ಬಲ್ಲವನು, ಸಭ್ಯ. ರಾತ್ರಿ ಅವಳ ಮನೆಯಲ್ಲಿ ಉಳಿದವನು ಬೆಳಿಗ್ಗೆ ಎದುರಿಗೆ ಸಾಮಾನ್ಯ ಹೆಂಗಸನ್ನು ಕಂಡು ಹೊರಟುಹೋಗುತ್ತಾನೆ. ಮುಂದಿನ ಕಂತಿನಲ್ಲಿ ಇನ್ನೊಬ್ಬಳು 'ಶೀ-ಹಲ್ಕ್' ಎಂಬ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿರುತ್ತಾಳೆ. ಆ ಹೆಸರನ್ನು ತಾನು ಮೊದಲೇ ಬಳಸುತ್ತಿದ್ದೆ ಎಂದು ಸಾಬೀತು ಮಾಡಲು ಜೆನ್ನಿಫರ್‌ಳ ಬಳಿ ಆ ಆ್ಯಪ್‌ನ ವಿವರವಲ್ಲದೆ ಬೇರೆ ದಾಖಲೆಯಿಲ್ಲ. ಅದೇ ಗಂಡಸರು ಕಟಕಟೆಗೆ ಬರುತ್ತಾರೆ. ಶೀ-ಹಲ್ಕ್ ಆಗಿದ್ದಕ್ಕೇ ಬಂದೆ, ಜೆನ್ನಿಫರ್ ಆಗಿದ್ದರೆ ಬರುತ್ತಿರಲಿಲ್ಲ ಎಂದು ಆ ವೈದ್ಯ ಪ್ರಮಾಣ ಮಾಡಿ ನುಡಿಯುತ್ತಾನೆ. ಅವಳ ಪರವಾಗಿ ಬಂದ ಸಾಕ್ಷಿ ಅದು. ಕೇಸು ಗೆಲ್ಲುತ್ತಾಳೆ. ಗೆದ್ದವಳ ಮುಖವನ್ನು ನಟಿ ಟಟಿಯಾನಾ ಮಾಸ್ಲಾನಿ ತೋರಿಸುವ ಬಗೆ ನೋಡಿ ನನ್ನ ಗಂಟಲು ಕಟ್ಟಿತು. ಹಸಿರು ಮೈಯ ಗ್ರಾಫಿಕ್ಸ್ ಚೆನ್ನಾಗಿಲ್ಲ ಎಂದು ಆಡಿಕೊಂಡವರು ಬಹಳ. ಕೆಲವು ಕಡೆ ಅದು ನನಗೂ ಕೃತಕವಾಗಿಯೇ ಕಂಡಿದೆ. ಆದರೆ ಆ ಮುಖದ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.

ನಮ್ಮಲ್ಲಿ ದೊಡ್ಡ ರೂಪವನ್ನು ಮುಚ್ಚಬೇಕು, ಇಲ್ಲಿ ಸಣ್ಣ ರೂಪವನ್ನು. ಇಪ್ಪತ್ತು ವರ್ಷ ಈ ಊರಿನಲ್ಲಿ ಬದುಕಿದ ನನಗೆ ಇದು ಕಟ್ಟುಕಥೆ ಅನ್ನಿಸುವುದಿಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಸಿನಿಮಾ ಪೋಸ್ಟರಿನಷ್ಟು ದೊಡ್ಡ ಫಲಕಗಳಲ್ಲಿ ವಕೀಲರ ಮುಖ ಕಾಣುತ್ತದೆ. ಅಪಘಾತವಾಯಿತೇ, ನಮಗೆ ಕರೆ ಮಾಡಿ, ಎಂದು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಕೀಲರ ಜಾಹೀರಾತಿಗೆ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಬಾರ್ ಕೌನ್ಸಿಲ್‌ನ ನಿಯಮ ಇಂದಿಗೂ ಅದನ್ನು ತಡೆಯುತ್ತದೆ. ಹಸಿರು ಹೆಂಗಸು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿರಲಿ ಎಂದು ಆ ಸಂಸ್ಥೆ ಬಯಸುವುದರ ಹಿಂದೆ ಇರುವುದು ಈ ಊರಿನ ರೀತಿಯೇ. ಪುತ್ತೂರಿನಲ್ಲಿ ವಕೀಲೆಯಾಗಿದ್ದ ನನ್ನ ಚಿಕ್ಕಮ್ಮನ ಕಚೇರಿಯ ಬಾಗಿಲಲ್ಲಿ ಇದ್ದದ್ದು ಮೊಳದುದ್ದದ ಕಪ್ಪು ಹಲಗೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಮತ್ತು ಪದವಿ.

ಆ ಹಲಗೆಯನ್ನು ಓದಿಕೊಂಡೇ ಒಳಗೆ ಬಂದವರು ಮೇಜಿನ ಹಿಂದೆ ಕುಳಿತ ಚಿಕ್ಕಮ್ಮನನ್ನು ದಾಟಿ ಒಳಕೋಣೆಯತ್ತ ಕಣ್ಣು ಹಾಯಿಸಿ "ವಕೀಲರು ಇಲ್ಲವಾ?" ಎಂದು ಕೇಳುವುದನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಸಲ ನೋಡಿದ್ದೇನೆ! ಚಿಕ್ಕಮ್ಮ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು, ತೆಗೆಯುತ್ತಿದ್ದಳು, "ಕೂತುಕೊಳ್ಳಿ, ಕಾಗದ ಕೊಡಿ" ಎನ್ನುತ್ತಿದ್ದಳು. ಕೋರ್ಟಿನಲ್ಲಿ ಪಾಟೀಸವಾಲಿಗೆ ನಿಂತು ದನಿ ಏರಿಸಿದ ದಿನ ಸಂಜೆಯೊಳಗೆ ಊರಿನಲ್ಲಿ ಸುದ್ದಿ: ಬಾಯಿ ಜೋರು. ಅದೇ ಕೋರ್ಟಿನಲ್ಲಿ ಅವಳಿಗಿಂತ ಜೋರಾಗಿ ಕೂಗುವ ಗಂಡಸರಿಗೆ ಸಿಗುತ್ತಿದ್ದ ಹೆಸರು ಬೇರೆ: ಸಿಂಹದಂಥ ವಕೀಲ.

ಮೊದಲ ಕಂತಿನಲ್ಲಿ ಹಲ್ಕ್ ಅವಳಿಗೆ ಕೋಪ ಹಿಡಿತದಲ್ಲಿಡುವ ಪಾಠ ಹೇಳುತ್ತಾನೆ. ಅವನಿಗದು ವರ್ಷಗಟ್ಟಲೆಯ ಸಾಧನೆ. ಜೆನ್ನಿಫರ್ ಅವನನ್ನು ತಡೆದು ಹೇಳುತ್ತಾಳೆ: ಇದನ್ನು ನಾನು ದಿನಾ ಮಾಡುತ್ತಿದ್ದೇನೆ, ಬೀದಿಯಲ್ಲಿ ಯಾರೋ ಚುಡಾಯಿಸಿದಾಗ, ನನ್ನದೇ ವಿಷಯವನ್ನು ಏನೂ ತಿಳಿಯದವನು ನನಗೆ ವಿವರಿಸುವಾಗ. ಆ ಮಾತಿಗೆ ನಾನು ಎದ್ದು ಕುಳಿತೆ. ಪೆನ್ನಿನ ಮುಚ್ಚಳದ ಸದ್ದು ಕಿವಿಗೆ ಬಂದಂತಾಯಿತು. ಅಮ್ಮನಿಗೆ ಅನುವಾದಿಸಿ ಹೇಳಿದೆ. "ನುಂಗಿದ್ದು ಎಲ್ಲಿಗೆ ಹೋಗುತ್ತದೆ ಹೇಳು" ಎಂದಳು.

ಪೌರತ್ವ ಸಿಕ್ಕಿದ ಮೇಲೆ ಒಮ್ಮೆ ನನಗೆ ಜ್ಯೂರಿ ಕರೆ ಬಂದಿತ್ತು. ಭಾರತದಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ಕಾಲವಾಗಿದೆ, ಹಾಗಾಗಿ ನೆರೆಹೊರೆಯವರ ಜೊತೆ ಕುಳಿತು ತೀರ್ಪು ಕೊಡುವ ಕಲ್ಪನೆಯೇ ನನಗೆ ಹೊಸದು. ನಾನು ಹೋದ ಕಟ್ಟಡಕ್ಕೆ ಕ್ಲಾರಾ ಶಾರ್ಟ್‌ರಿಜ್ ಫೋಲ್ಟ್ಜ್ ಅವರ ಹೆಸರಿದೆ. 1878ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ವಕೀಲೆಯಾದವರು ಅವರು. ಅಲ್ಲಿಯವರೆಗೆ ಗಂಡಸರಿಗೆ ಮಾತ್ರ ಎಂದಿದ್ದ ಕಾನೂನನ್ನೇ ಬದಲಾಯಿಸಲು ಹೋರಾಡಬೇಕಾಯಿತು. ನಮ್ಮ ದೇಶದಲ್ಲಿ ಹೆಂಗಸರಿಗೆ ವಕೀಲಿಯ ಬಾಗಿಲು ಕಾಯಿದೆಯಾಗಿ ತೆರೆದದ್ದು 1923ರಲ್ಲಿ. ಎರಡೂ ಕಡೆ ಬಾಗಿಲು ತೆರೆದಿದೆ. ಒಳಗೆ ಬಂದವಳು ಹೇಗೆ ಕಾಣಬೇಕು ಎಂಬ ಷರತ್ತು ಎರಡೂ ಕಡೆ ಉಳಿದಿದೆ.

ಇನ್ನೊಂದು ವಿಷಯದಲ್ಲಿ ನಮ್ಮ ರೀತಿಗೇ ಹೆಚ್ಚು ಅಂಕ ಕೊಡುತ್ತೇನೆ. ಜೆನ್ನಿಫರ್ ಆಗಾಗ ಕ್ಯಾಮೆರಾ ಕಡೆಗೆ ತಿರುಗಿ ನೇರ ನಮ್ಮೊಂದಿಗೆ ಮಾತಾಡುತ್ತಾಳೆ. 1989ರ ಕಾಮಿಕ್ಸ್‌ನಿಂದಲೇ ಅವಳಿಗೆ ಆ ಅಭ್ಯಾಸ. ಕೊನೆಯ ಕಂತಿನಲ್ಲಂತೂ ಕಥೆಯಿಂದ ಹೊರಗೆ ಜಿಗಿದು, ಬರಹಗಾರರ ಕೋಣೆಗೇ ನುಗ್ಗಿ, ಕಥೆ ನಿರ್ಧರಿಸುವ ಯಂತ್ರದ ಮುಂದೆ ನಿಂತು, ಹೊಡೆದಾಟದ ಈ ಅಂತ್ಯ ನನ್ನ ಕಥೆಗೆ ಬೇಡ ಎಂದು ವಾದ ಮಂಡಿಸುತ್ತಾಳೆ. ಇಲ್ಲಿನವರಿಗೆ ಇದು ಭಾರೀ ಧೈರ್ಯವೆನಿಸಿತು. ಅಮ್ಮನಿಗೆ ಏನೂ ಅನ್ನಿಸಲಿಲ್ಲ. ವೇಷಧಾರಿ ರಂಗಕ್ಕೆ ಬಂದು, ಪದ್ಯ ಹಾಡಿ ಆಟ ನಡೆಸುವ ಭಾಗವತರೊಂದಿಗೆ ಮಾತಾಡುವುದನ್ನು, ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ತಾಸುಗಟ್ಟಲೆ ಪ್ರಶ್ನಿಸುವುದನ್ನು ಕೇಳಿ ಬೆಳೆದವಳು ಅವಳು. "ಭಾಗವತರ ಹತ್ತಿರ ಪದ್ಯ ಬದಲಾಯಿಸಿ ಎಂದಳು, ಅಷ್ಟೇ ತಾನೆ?" ಎಂದಳು. ಆದರೆ ಆ ಸೌಲಭ್ಯ ನಮ್ಮ ಶೂರ್ಪನಖಿಗೆ ಯಾಕೆ ಸಿಗಲಿಲ್ಲ ಎಂದು ನಾನು ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ದೇವಿಗೆ ಕೋಪ ಬಂದರೆ ಮಹಾತ್ಮೆ, ರಕ್ಕಸಿಗೆ ಬಂದರೆ ಆರ್ಭಟ. ಕಪ್ಪು ಕೋಟು ಹಾಕಿಕೊಂಡು ಬಸ್ಸಿನಲ್ಲಿ ಕೋರ್ಟಿಗೆ ಹೋಗುವ ಹೆಂಗಸಿಗೆ ಕೋಪ ಬಂದರೆ ಯಾವ ಬಣ್ಣ ಬರೆಯಬೇಕು ಎಂಬುದು ನಮ್ಮ ಚೌಕಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಒಂಬತ್ತು ಕಂತುಗಳ ಈ ಹಾಸ್ಯ ಧಾರಾವಾಹಿ ಅದಕ್ಕೊಂದು ಬಣ್ಣ ಹುಡುಕಿತಲ್ಲ ಎಂಬುದೇ ನನ್ನ ಸಂತೋಷ.

ಆ ಸೆಪ್ಟೆಂಬರಿನ ಒಂದು ಭಾನುವಾರ ಚಿಕ್ಕಮ್ಮನಿಗೆ ವಿಡಿಯೋ ಕರೆ ಮಾಡಿದ್ದೆವು. ಅಮ್ಮ ಉತ್ಸಾಹದಿಂದ ಹಸಿರು ವಕೀಲೆಯ ಕಥೆ ಹೇಳಿದಳು: ಎತ್ತರ ಇಷ್ಟು, ತೋಳು ಇಷ್ಟು, ಅಳತೆಗೆ ಸರಿಯಾದ ಬಟ್ಟೆಯೇ ಸಿಗುವುದಿಲ್ಲ ಪಾಪ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದಳು.

"ಅವಳ ಮೊದಲ ಕೇಸು ಯಾವುದು?"

"ಜೈಲಿನಲ್ಲಿರುವ ಒಬ್ಬನಿಗೆ ಪೆರೋಲ್ ಕೊಡಿಸುವುದು, ಚಿಕ್ಕಮ್ಮ. ಹಿಂದೆ ಅವಳ ಅಣ್ಣನನ್ನೇ ಕೊಲ್ಲಲು ಹೊರಟಿದ್ದವನು."

"ಸಂಬಂಧಿಕರ ವಿಷಯ ಬಂದರೆ ವಕಾಲತ್ತು ಹಿಡಿಯುವ ಮೊದಲು ಯೋಚಿಸಬೇಕು. ಅಣ್ಣನನ್ನು ಕೇಳಿದ್ದಳಾ?"

"ಫೋನ್ ಮಾಡಿ ಕೇಳಿದಳು."

"ಒಳ್ಳೆಯದು. ಪೆರೋಲ್ ಸಿಕ್ಕಿತಾ?"

"ಸಿಕ್ಕಿತು. ಅವನು ಮತ್ತೆ ರಾಕ್ಷಸರೂಪ ತಾಳಬಾರದು ಎಂಬ ಷರತ್ತಿನ ಮೇಲೆ."

"ಸರಿ" ಎಂದಳು ಚಿಕ್ಕಮ್ಮ. "ಎರಡನೆಯ ಕೇಸು ಹೇಳು."